ಹೊಲಿಗೆ ರೂಮಿನ ಧೂಳು, ಲಿಂಟ್, ಎದೆ ಬಿಗಿತ: ಪ್ಯೂರಿಫೈಯರ್ ತಗೊಳ್ಳೋಕೆ ಮುಂಚೆ ಇದನ್ನ ಓದಿ

ಪ್ರಶ್ನೆ: ಮನೇಲೇ ಹೊಲಿಗೆ ಕೆಲಸ ಮಾಡ್ತೀನಿ, ಒಂದು ಸಾದಾ ಮಿಷನ್ನು, ಬಟ್ಟೆ ಅಂಚು ಕಟ್ಟೋ ಓವರ್‌ಲಾಕ್ ಮಿಷನ್ನು ಒಂದು ಇದೆ. ರೂಮು ಹತ್ತಡಿಗೆ ಹತ್ತಡಿ, ಅದರಲ್ಲೇ ಮಂಚಾನೂ ಇದೆ. ಮೊದಲಿಂದ ಧೂಳಿನ ಅಲರ್ಜಿ, ಈಗ ಡಾಕ್ಟರು ಸ್ವಲ್ಪ ಅಸ್ತಮಾನೂ ಇದೆ ಅಂದಿದ್ದಾರೆ. ಟವೆಲ್ ಬಟ್ಟೆ, ಫ್ಲೀಸ್ ಹೊಲಿದ ದಿನ ಸೀನು ನಿಲ್ಲಲ್ಲ, ಮಿಷನ್ ಕ್ಲೀನ್ ಮಾಡಿದ ದಿನವಂತೂ ರಾತ್ರಿ ಎದೆ ಬಿಗಿಯುತ್ತೆ. ಏರ್ ಪ್ಯೂರಿಫೈಯರ್ ತಗೊಂಡ್ರೆ ಸರಿಹೋಗುತ್ತಾ? ದಿನವಿಡೀ ಮಾಸ್ಕ್ ಹಾಕ್ಕೊಂಡೇ ಇರ್ಬೇಕಾ? ಓವರ್‌ಲಾಕ್ ಬಿಟ್ಬಿಡ್ಲಾ? ಒಬ್ರು ಹಳೇ ರಜಾಯಿ ರಿಪೇರಿಗೆ ಕೊಡ್ತೀನಿ ಅಂತಿದ್ದಾರೆ, ತಗೋಬಹುದಾ?

ಉತ್ತರ: ಪ್ಯೂರಿಫೈಯರ್ ವಿಷಯ ಆಮೇಲೆ ಹೇಳ್ತೀನಿ, ಮೊದಲು ನೀವೇ ಬರೆದಿರೋ ಒಂದು ಸಾಲು ನೋಡಿ, ಮಿಷನ್ ಕ್ಲೀನ್ ಮಾಡಿದ ದಿನ ರಾತ್ರಿ ಎದೆ ಬಿಗಿಯುತ್ತೆ ಅಂತ. ಹೊಲಿದ ದಿನಕ್ಕಿಂತ ಕ್ಲೀನ್ ಮಾಡಿದ ದಿನ ತೊಂದ್ರೆ ಜಾಸ್ತಿ ಅಂದ್ರೆ, ರೂಮಲ್ಲಿ ಧೂಳು ಎಷ್ಟಿದೆ ಅನ್ನೋದಕ್ಕಿಂತ ಅದು ಯಾವಾಗ ಮೇಲಕ್ಕೆ ಏಳುತ್ತೆ ಅನ್ನೋದೇ ನಿಮ್ಮ ವಿಷಯದಲ್ಲಿ ಮುಖ್ಯ. ಕೆಲಸದ ಜಾಗಗಳಲ್ಲಿ ಗಾಳಿಯ ಧೂಳು ಅಳೆಯೋದು ನನ್ನ ಕಸುಬು, ಹೊಲಿಗೆ ನಡೆಯೋ ಜಾಗದಲ್ಲೂ ಮೀಟರ್ ಇಟ್ಕೊಂಡು ಕೂತಿದ್ದೀನಿ, ಮಿಷನ್ನುಗಳು ಓಡ್ತಿರುವಾಗ ಒಂದು ಮಟ್ಟದಲ್ಲಿರೋ ರೀಡಿಂಗು ಯಾರಾದ್ರೂ ಪೊರಕೆ ಹಿಡಿದ ತಕ್ಷಣ, ಇಲ್ಲಾ ಬಟ್ಟೆ ಥಾನು ಬಿಚ್ಚಿ ಪಟಾರ್ ಅಂತ ಕೊಡವಿದ ತಕ್ಷಣ ಜಿಗಿದುಬಿಡುತ್ತೆ. ಹಾಗಾಗಿ ನಾನು ಹೇಳೋದಿಷ್ಟೇ, ಎದ್ದ ಧೂಳನ್ನ ಹಿಡಿಯೋ ಯಂತ್ರಕ್ಕೆ ದುಡ್ಡು ಹಾಕೋ ಮುಂಚೆ ಧೂಳು ಏಳದ ಹಾಗೆ ಕೆಲಸದ ರೀತಿ ಬದಲಾಯಿಸಿ, ಅರ್ಧಕ್ಕರ್ಧ ಸಮಸ್ಯೆ ಅಲ್ಲೇ ಇಳಿಯುತ್ತೆ.

ಕಣ್ಣಿಗೆ ಕಾಣೋ ಲಿಂಟ್, ಅಂದ್ರೆ ಟೇಬಲ್ ಮೇಲೆ, ಕಪ್ಪು ಪ್ಯಾಂಟಿನ ಮೇಲೆ ಕೂರೋ ಎಳೆಗಳು, ಅವು ನಿಮ್ಮ ಶ್ವಾಸಕೋಶದ ತನಕ ಹೋಗೋದು ಕಮ್ಮಿ. ಅವು ದೊಡ್ಡವು, ಮೂಗಲ್ಲೇ ಸಿಕ್ಕಾಕೊಳ್ತವೆ, ಸೀನು, ಮೂಗು ಸೋರೋದು, ಗಂಟಲು ಕೆರೆತ ಇವೆಲ್ಲ ಅವುಗಳ ಕೆಲಸ. ಎದೆ ಬಿಗಿಸೋದು ಅದರ ಜೊತೆ ಏಳೋ ಸಣ್ಣ ಪುಡಿ. ಗಾಳಿ ಅಲ್ಲಾಡದೇ ಇರೋ ರೂಮಲ್ಲಿ ಒಂದೂವರೆ ಮೀಟರ್ ಎತ್ತರದಿಂದ 100 ಮೈಕ್ರಾನಿನ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಣ ಕೆಲವೇ ಸೆಕೆಂಡಲ್ಲಿ ನೆಲಕ್ಕೆ ಬೀಳುತ್ತೆ, 10 ಮೈಕ್ರಾನಿನದಕ್ಕೆ ಸುಮಾರು 8 ನಿಮಿಷ ಬೇಕು, 1 ಮೈಕ್ರಾನಿನದು ಅರ್ಧ ದಿನ ತೇಲ್ತಾನೇ ಇರುತ್ತೆ. ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದ್ಕೊಂಡ್ರೆ ಅಂದಾಜು ಸಿಗುತ್ತೆ. ಅದಕ್ಕೇ ಮಧ್ಯಾಹ್ನ ಕ್ಲೀನ್ ಮಾಡಿ, ಎಲ್ಲ ಲಕಲಕ ಅಂತಿದೆ ಅಂತ ಅದೇ ರೂಮಲ್ಲಿ ರಾತ್ರಿ ಮಲಗಿದ್ರೆ, ಕಾಣದೇ ಇರೋದು ಇನ್ನೂ ಗಾಳೀಲೇ ಇರುತ್ತೆ, ಮೇಲೆ ಫ್ಯಾನ್ ಬೇರೆ ತಿರುಗ್ತಿದ್ರೆ ಕೇಳೋದೇ ಬೇಡ.

ಆ ಪುಡಿಯಲ್ಲಿ ಏನೇನಿರುತ್ತೆ ಅಂದ್ರೆ ಬರೀ ಹತ್ತಿ ನಾರಲ್ಲ. ಹೊಸ ಬಟ್ಟೆ ಮೇಲಿನ ಗಂಜಿ, ಫಿನಿಶಿಂಗ್ ಪುಡಿ, ಬಿಡ್ತಾ ಇರೋ ಬಣ್ಣ, ಬಹಳ ದಿನ ಮಡಿಚಿಟ್ಟ ಬಟ್ಟೆಯಲ್ಲಿ ಬೂಷ್ಟಿನ ಬೀಜಕಣ, ಧೂಳು ನುಸಿಯ ಹಿಕ್ಕೆ. ಈ ನುಸಿ ಅನ್ನೋದು ಒಂದು ಮಿಲಿಮೀಟರಿನ ಕಾಲು ಭಾಗದಷ್ಟಿರೋ ಜೀವಿ, ಅಲರ್ಜಿ ಮಾಡೋದು ಮುಖ್ಯವಾಗಿ ಅದರ ಹಿಕ್ಕೆ. ಅದು ಸ್ವಲ್ಪ ಭಾರ, ಅಲುಗಾಡಿಸಿದಾಗ ಏಳುತ್ತೆ, ಸುಮ್ಮನೆ ಬಿಟ್ರೆ ಬೇಗ ಕೂರುತ್ತೆ. ನಿಮಗೆ ಮೊದಲಿಂದ ಧೂಳಿನ ಅಲರ್ಜಿ ಇದೆ ಅಂದ್ರೆ ನನಗೆ ಮೊದಲ ಅನುಮಾನ ಇದರ ಮೇಲೇನೇ, ಲಿಂಟ್ ಮೇಲಲ್ಲ.

ಕೆಲವರು ಹತ್ತಿ ಮಿಲ್ಲಿನವರಿಗೆ ಬರೋ ಶ್ವಾಸಕೋಶದ ಕಾಯಿಲೆ ನಮಗೂ ಬರುತ್ತಾ ಅಂತ ಹೆದರ್ತಾರೆ. ಅದು ಬಿಸಿನೋಸಿಸ್, ವಾರದ ರಜೆ ಮುಗಿಸಿ ಮೊದಲ ದಿನ ಕೆಲಸಕ್ಕೆ ಹೋದಾಗ ಎದೆ ಬಿಗಿಯೋದು ಅದರ ಗುರುತು. ಅಗಸೆ ನಾರು, ಸೆಣಬು ಬಾಚೋರಿಗೆ ಕೆಮ್ಮು ಹತ್ತುತ್ತೆ ಅಂತ ರಾಮಝಿನಿ ಅನ್ನೋ ಇಟಲಿ ವೈದ್ಯರು 1700ರಲ್ಲೇ ಬರೆದಿಟ್ಟಿದ್ದಾರೆ, ಅಷ್ಟು ಹಳೇ ವಿಷಯ. ಆದ್ರೆ ಅದು ಕಚ್ಚಾ ಹತ್ತಿ ಬಿಡಿಸೋ, ಬಾಚೋ, ನೂಲೋ ಕಡೆ, ಗಿಡದ ಎಲೆ ಪುಡಿ, ಬ್ಯಾಕ್ಟೀರಿಯಾದ ವಿಷ ಎಲ್ಲ ಸೇರಿದ ಧೂಳಲ್ಲಿ ವರ್ಷಗಟ್ಟಲೆ ನಿಂತವರಿಗೆ ಬರೋದು. ಬಟ್ಟೆ ಆಗಿ, ತೊಳೆದು, ಬಣ್ಣ ಕಟ್ಟಿ ಬಂದ ಮೇಲೆ ಅದೆಲ್ಲ ಬಹುಪಾಲು ಹೋಗಿರುತ್ತೆ. ಮನೇಲಿ ಹೊಲಿಯೋರಿಗೆ ಅದರ ಚಿಂತೆ ಬೇಡ, ಇರೋ ಅಸ್ತಮಾ ಕೆರಳದ ಹಾಗೆ ನೋಡ್ಕೊಂಡ್ರೆ ಸಾಕು.

ಸರಿ, ಕೆಲಸಕ್ಕೆ ಬರೋಣ. ಶುರು ಮಾಡ್ಬೇಕಾಗಿರೋದು ಬಟ್ಟೆ ರೂಮಿನ ಒಳಗೆ ಬರೋ ಮುಂಚೆ. ತೊಳೆಯೋಕೆ ಆಗೋ ಬಟ್ಟೆ ಯಾವುದೇ ಇರ್ಲಿ, ಕತ್ತರಿಸೋ ಮುಂಚೆ ಒಂದ್ಸಲ ತೊಳೆದು ಹೊರಗೆ ಒಣಗಿಸಿ ತನ್ನಿ. ಕುಗ್ಗೋದು ಹೇಗೂ ಮೊದಲೇ ಕುಗ್ಗಲಿ ಅಂತ ಹೊಲಿಯೋರು ಮಾಡ್ತಾರೆ, ನಿಮಗೆ ಅದಕ್ಕಿಂತ ದೊಡ್ಡ ಲಾಭ ಅಂದ್ರೆ ಸಡಿಲ ಎಳೆ, ಗಂಜಿ ಪುಡಿ, ಉಳಿಕೆ ಬಣ್ಣ ನೀರಲ್ಲೇ ಹೋಗುತ್ತೆ. ಇನ್ನೊಂದಿದೆ, ಸುಕ್ಕಾಗದ ಬಟ್ಟೆ ಅಂತ ಬರುತ್ತಲ್ಲ, ಇಸ್ತ್ರಿ ಬೇಡ ಅನ್ನೋ ಥರದ್ದು, ಅದಕ್ಕೆ ಹಾಕೋ ರೆಸಿನ್ ಅನ್ನೋ ರಾಸಾಯನಿಕದಿಂದ ಫಾರ್ಮಾಲ್ಡಿಹೈಡ್ ಅನ್ನೋ ಗ್ಯಾಸ್ ಸ್ವಲ್ಪ ಸ್ವಲ್ಪ ಬಿಡುತ್ತೆ, ಹೊಸ ಬಟ್ಟೆ ಗಂಟು ಬಿಚ್ಚಿದಾಗ ಕಣ್ಣು ಮೂಗು ಚುರುಗುಟ್ಟೋದು ಎಷ್ಟೋ ಸಲ ಅದಕ್ಕೇ. ಸ್ಟೀಮ್ ಇಸ್ತ್ರಿ ಇಟ್ರೆ ಇನ್ನೂ ಜಾಸ್ತಿ ಬಿಡುತ್ತೆ. ಇದು ಗ್ಯಾಸು, ಧೂಳಿನ ಫಿಲ್ಟರಿಗೂ ಸಿಗಲ್ಲ, ಎನ್‌95 ಮಾಸ್ಕಿಗೂ ಸಿಗಲ್ಲ, ತೊಳೆಯೋದು ಮತ್ತು ಕಿಟಕಿ ತೆಗೆಯೋದು ಎರಡೇ ದಾರಿ. ಗಿರಾಕಿ ಕೊಡೋ ಬಟ್ಟೆ ನಾನು ಹೇಗೆ ತೊಳೀಲಿ ಅಂತ ಕೇಳ್ತೀರ, ಅವರಿಗೇ ಹೇಳಿ, ತೊಳೆದು ಕೊಟ್ರೆ ಆಮೇಲೆ ಕುಗ್ಗಿ ಅಳತೆ ಕೆಡಲ್ಲ ಅಂತ, ಖುಷಿಯಾಗೇ ತೊಳೆದು ಕೊಡ್ತಾರೆ. ತೊಳೆಯೋಕೆ ಆಗದ ಬಟ್ಟೆ ಬಂದ್ರೆ ಅದನ್ನ ಹೊರಗಡೆ, ಗಾಳಿಗೆ ಬೆನ್ನು ಮಾಡಿ ನಿಂತು ಕೊಡವಿ, ಒಂದು ದಿನ ಗಾಳಿಗೆ ಹರವಿ ಆಮೇಲೆ ಒಳಗೆ ತನ್ನಿ.

ಆಮೇಲೆ ಕತ್ತರಿಸೋದು. ಲಿಂಟ್ ಹುಟ್ಟೋದು ಬಟ್ಟೆಯ ಮಧ್ಯದಲ್ಲಲ್ಲ, ಕತ್ತರಿಸಿದ ಅಂಚಲ್ಲಿ. ಒಂದು ಟವೆಲ್ ಬಟ್ಟೆ ತುಂಡನ್ನ ಕತ್ತರಿಸಿ ಅಂಚನ್ನ ಬೆಳಕಿಗೆ ಹಿಡಿದು ನೋಡಿ, ಪ್ರತಿಯೊಂದು ಸುರುಳಿ ಎಳೆನೂ ಅರ್ಧಕ್ಕೆ ತುಂಡಾಗಿ, ನೇಯ್ಗೆಯಲ್ಲಿ ಹಿಡಿತ ಇಲ್ದೆ ಬರೀ ಊರ್ಕೊಂಡು ನಿಂತಿರುತ್ತೆ, ಬೆರಳಲ್ಲಿ ಮೆಲ್ಲಗೆ ಸವರಿದ್ರೂ ಉದುರುತ್ತೆ. ಫ್ಲೀಸ್, ಮಿಂಕಿ, ಶೆನಿಲ್, ವೆಲ್ವೆಟ್, ಕಾರ್ಡುರಾಯ್, ಫ್ಲಾನೆಲ್ ಎಲ್ಲ ಇದೇ ಕಥೆ, ಮಿಂಕಿಯಂತೂ ಎಲ್ಲರಿಗಿಂತ ಕೆಟ್ಟದ್ದು. ಈ ಉದುರೋ ಅಂಚನ್ನ ಹಾಗೇ ಮಿಷನ್ನಿಗೆ ಕೊಟ್ರೆ ಬಟ್ಟೆ ಒತ್ತಿ ಹಿಡಿಯೋ ಪ್ರೆಸರ್ ಫುಟ್, ಸೂಜಿ, ಬಟ್ಟೆ ತಳ್ಳೋ ಹಲ್ಲು ಎಲ್ಲ ಸೇರಿ ಅದನ್ನ ನಿಮ್ಮ ಮುಖದ ಹತ್ರಾನೇ ಉದುರಿಸ್ತವೆ. ಅದಕ್ಕೆ ಕತ್ತರಿಸಿದ ತಕ್ಷಣ, ಹೊಲಿಯೋ ಮುಂಚೆ, ಅಂಚನ್ನ ಶುದ್ಧ ಮಾಡಿಬಿಡ್ಬೇಕು. ಬಟ್ಟೆ ಒಣಗಿಸೋ ಡ್ರೈಯರ್ ಇದ್ರೆ ತುಂಡುಗಳನ್ನ ಬಿಸಿ ಇಲ್ದೆ ಬರೀ ಗಾಳೀಲಿ ಹತ್ತು ನಿಮಿಷ ತಿರುಗಿಸಿದ್ರೆ ಸಡಿಲ ಇರೋದೆಲ್ಲ ಅದರ ಜಾಲರಿಗೆ ಬಂದು ಕೂರುತ್ತೆ. ಡ್ರೈಯರ್ ಇಲ್ಲಾಂದ್ರೆ ವ್ಯಾಕ್ಯೂಮಿನ ಸಪೂರ ಬಾಯನ್ನ ಅಂಚಿನ ಉದ್ದಕ್ಕೂ ಓಡಿಸಿ, ಬಟ್ಟೆ ಒಳಗೆ ಎಳೆದ್ಕೊಳ್ಳದ ಹಾಗೆ ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದು. ಅದೂ ಇಲ್ಲಾಂದ್ರೆ ಅಂಟಿನ ಲಿಂಟ್ ರೋಲರ್ ಸಾಕು. ಬಾಯಲ್ಲಿ ಊದೋದು, ಕೈಯಲ್ಲಿ ತಟ್ಟೋದು ಮಾತ್ರ ಬೇಡ.

ಇದೇ ಕಾರಣಕ್ಕೆ ಇಂಥ ಬಟ್ಟೆ ಕತ್ತರಿಸೋ ಕೆಲಸ ಎಲ್ಲಾನೂ ಒಂದೇ ದಿನಕ್ಕೆ ಸೇರಿಸಿ, ಆಗೋದಾದ್ರೆ ರೂಮಿನ ಹೊರಗೆ, ತೆರೆದ ಜಾಗದಲ್ಲಿ ಮಾಡಿ ಮುಗಿಸಿ. ದಿನಾ ಸ್ವಲ್ಪ ಸ್ವಲ್ಪ ಕತ್ತರಿಸಿ ಹೊಲಿದ್ರೆ ದಿನಾ ಧೂಳು.

ಓವರ್‌ಲಾಕ್ ಬಿಡೋದು ಬೇಡ. ಹೌದು, ಅದರಲ್ಲಿ ಬ್ಲೇಡ್ ಇದೆ, ಹೊಲಿಯೋ ಜೊತೆಗೆ ಅಂಚು ಕತ್ತರಿಸ್ತಾ ಹೋಗುತ್ತೆ, ಮನೇಲಿರೋ ಮಿಷನ್ನುಗಳಲ್ಲಿ ಜಾಸ್ತಿ ಲಿಂಟ್ ಮಾಡೋದು ಅದೇ. ಆದ್ರೆ ಒಂದ್ಸಲ ಓವರ್‌ಲಾಕ್ ಆದ ಅಂಚು ಆಮೇಲೆ ಉದುರಲ್ಲ, ಅಂದ್ರೆ ಉಳಿದ ಹೊಲಿಗೆ ಪೂರ್ತಿ ಶುದ್ಧ, ನನ್ನ ಲೆಕ್ಕದಲ್ಲಿ ಅದು ಲಾಭವೇ. ಬ್ಲೇಡಿಗೆ ಎರಡು ಮಿಲಿಮೀಟರಿಗಿಂತ ಜಾಸ್ತಿ ಕೊಡದ ಹಾಗೆ ಮೊದಲೇ ಸರಿಯಾಗಿ ಕತ್ತರಿಸಿಕೊಳ್ಳಿ, ಕೆಳಗೆ ಬೀಳೋ ಚೂರಿಗೆ ತಟ್ಟೆ ಇಲ್ಲಾ ಬಟ್ಟೆ ಚೀಲ ಸಿಕ್ಕಿಸಿ, ಮೊಂಡಾದ ಬ್ಲೇಡ್ ಬದಲಾಯಿಸಿ, ಅದು ಕತ್ತರಿಸಲ್ಲ, ಜಗಿಯುತ್ತೆ. ಸೂಜಿಗೂ ಇದೇ ಮಾತು. ಮೊಂಡು ಸೂಜಿ ಎಳೆ ಸರಿಸಿ ಹೋಗೋ ಬದಲು ಎಳೆ ಕಡಿದು ಹೋಗುತ್ತೆ.

ದಾರದ ಬಗ್ಗೆ ಜನ ಯೋಚನೆ ಮಾಡಲ್ಲ. ಕಮ್ಮಿ ದರ್ಜೆ ಹತ್ತಿ ದಾರವನ್ನ ಗಿಡ್ಡ ನಾರಿಂದ ಹೊಸೆದಿರ್ತಾರೆ, ಬೆಳಕಿಗೆ ಹಿಡಿದ್ರೆ ಮೈ ತುಂಬ ರೋಮ ಕಾಣುತ್ತೆ, ಅದು ಟೆನ್ಶನ್ ಡಿಸ್ಕಲ್ಲಿ, ಸೂಜಿ ಕಣ್ಣಲ್ಲಿ ಉಜ್ಜಿ ಉಜ್ಜಿ ಪುಡಿ ಬಿಡುತ್ತೆ. ಉದ್ದ ನಾರಿನ ಮರ್ಸರೈಸ್ಡ್ ದಾರ, ಇಲ್ಲಾ ತುಂಡಿಲ್ಲದ ಉದ್ದ ಎಳೆಯ ಪಾಲಿಯೆಸ್ಟರ್ ಫಿಲಮೆಂಟ್ ದಾರ ಹಾಕಿದ್ರೆ ಬಾಬಿನ್ ಹತ್ರ ಸೇರೋ ಕಸ ಎಷ್ಟು ಇಳಿಯುತ್ತೆ ಅಂತ ನೀವೇ ನೋಡಿ. ಇನ್ನು ಗುರುತು ಹಾಕೋ ಚಾಕ್. ಧೂಳಿಗೆ ಹೆದರೋರ ಟೇಬಲ್ ಮೇಲೂ ಅದು ಆರಾಮಾಗಿ ಕೂತಿರುತ್ತೆ, ಗೀಚಿದ್ರೂ ಧೂಳು, ಚೂಪು ಮಾಡಿದ್ರೂ ಧೂಳು, ಕೊನೆಗೆ ಕೈಯಲ್ಲಿ ತಟ್ಟಿ ಅಳಿಸ್ತೀವಿ ಅದೂ ಧೂಳು. ನೀರಲ್ಲಿ ಅಳಿಸೋ ಪೆನ್ ತಗೊಳ್ಳಿ, ಇಲ್ಲಾ ಸೋಪಿನ ತೆಳು ಚೂರು.

ಈಗ ನಿಮ್ಮ ನಿಜವಾದ ಶತ್ರು, ಮಿಷನ್ ಕ್ಲೀನಿಂಗ್. ಡಬ್ಬಿ ಗಾಳಿ, ಅಂದ್ರೆ ಏರ್ ಸ್ಪ್ರೇ, ಬ್ಲೋವರ್, ಬಾಯಲ್ಲಿ ಊದೋದು, ಈ ಮೂರರಲ್ಲಿ ಯಾವುದು ಮಾಡ್ತಿದ್ರೂ ಇವತ್ತೇ ನಿಲ್ಸಿ. ಒಂದು, ಲಿಂಟ್ ಹೊರಗೆ ಬಂದಷ್ಟೇ ಒಳಗೂ ಹೋಗುತ್ತೆ, ಗೇರು, ಮೋಟರ್ ಕಡೆಗೆ. ಎರಡು, ಹೊರಗೆ ಬಂದದ್ದು ಮುಖಕ್ಕೇ ಬರುತ್ತೆ. ಕೆಲಸಗಾರರ ಸುರಕ್ಷತೆ ನೋಡೋ ಅಮೆರಿಕದ ಸರ್ಕಾರಿ ಸಂಸ್ಥೆ ಓಶಾ 1978ರಲ್ಲಿ ಹತ್ತಿ ಧೂಳಿಗೆ ಅಂತ ಮಾಡಿದ ನಿಯಮದಲ್ಲೇ, ಬೇರೆ ದಾರಿ ಇರೋ ಕಡೆ ಗಾಳಿ ಊದಿ ಕ್ಲೀನ್ ಮಾಡೋ ಹಾಗಿಲ್ಲ ಅಂತಿದೆ. ಕಾರ್ಖಾನೆಗೇ ಬೇಡ ಅಂದಿರೋದು ಮಲಗೋ ರೂಮಿಗೆ ಬೇಕಾ.

ನಾನು ಹೇಳೋ ಕ್ರಮ ಹೀಗೆ. ಪ್ಲಗ್ ಕೀಳಿ. ಮಾಸ್ಕ್ ಹಾಕಿ. ಸೂಜಿ, ಪ್ರೆಸರ್ ಫುಟ್ ಬಿಚ್ಚಿ, ನೀಡಲ್ ಪ್ಲೇಟಿನ ಸ್ಕ್ರೂ ತೆಗೆದು ಪ್ಲೇಟ್ ಎತ್ತಿ. ಬಟ್ಟೆ ಮುಂದಕ್ಕೆ ತಳ್ಳೋ ಹಲ್ಲುಗಳ ಸಂದಿಯಲ್ಲಿ ಬೂದು ಬಣ್ಣದ ಒಂದು ಪದರ ಕಾಣುತ್ತೆ, ಬಹಳ ದಿನ ಬಿಟ್ಟಿದ್ರೆ ಮಿಷನ್ ಎಣ್ಣೆ ಜೊತೆ ಸೇರಿ ಕಂಬಳಿ ತುಂಡಿನ ಥರ ಗಟ್ಟಿಯಾಗಿರುತ್ತೆ, ಚಿಮುಟದಲ್ಲಿ ಒಂದು ತುದಿ ಹಿಡಿದು ಎಳೆದ್ರೆ ಹಲ್ಲಿನ ಸಾಲಿನ ಅಚ್ಚು ಸಮೇತ ಇಡೀ ಪಟ್ಟಿ ಒಂದೇ ಸಲಕ್ಕೆ ಎದ್ದು ಬರುತ್ತೆ. ಎಣ್ಣೆ ಹಿಡಿದಿರೋ ಈ ಪದರ ಹಾರಲ್ಲ, ಅದಕ್ಕೆ ಮೊದಲು ಇದನ್ನ ಹಾಗೇ ಎತ್ತಿ ಒದ್ದೆ ಬಟ್ಟೆ ಮೇಲೆ ಇಟ್ಬಿಡಿ. ಉಳಿದ ಒಣ ಲಿಂಟಿಗೆ ಒಂದು ಕೈಯಲ್ಲಿ ಸಣ್ಣ ಬ್ರಷ್, ಇನ್ನೊಂದು ಕೈಯಲ್ಲಿ ವ್ಯಾಕ್ಯೂಮ್ ಪೈಪು, ಬ್ರಷ್ಷಿನಿಂದ ಒಂದೆರಡು ಇಂಚು ದೂರದಲ್ಲಿ ಓಡ್ತಾನೇ ಇರ್ಲಿ, ಬ್ರಷ್ ಎಬ್ಬಿಸಿದ್ದನ್ನ ಅದು ಆಗಲೇ ಎಳೆದ್ಕೊಳ್ಳುತ್ತೆ. ಪೈಪಿನ ಬಾಯಿ ದೊಡ್ಡದಾದ್ರೆ ಜ್ಯೂಸ್ ಕುಡಿಯೋ ಸ್ಟ್ರಾ ಒಂದನ್ನ ಟೇಪ್ ಹಾಕಿ ಕಟ್ಟಿ, ಸುತ್ತ ಸ್ವಲ್ಪ ಸಂದಿ ಬಿಟ್ಟು, ಪೂರ್ತಿ ಮುಚ್ಚಿದ್ರೆ ವ್ಯಾಕ್ಯೂಮ್ ಮೋಟರ್ ಬಿಸಿಯಾಗುತ್ತೆ. ಬಾಬಿನ್ ಕೇಸ್ ತೆಗೆದು ಶಟಲ್ ಜಾಗ, ಓವರ್‌ಲಾಕಲ್ಲಾದ್ರೆ ದಾರ ಹೆಣೆಯೋ ಲೂಪರ್ ಸುತ್ತ, ಬ್ಲೇಡಿನ ಕೆಳಗೆ, ಎಲ್ಲ ಹೀಗೇ. ಸಡಿಲ ಸ್ಕ್ರೂ ಮಾತ್ರ ಮೊದಲೇ ಎತ್ತಿಡಿ, ವ್ಯಾಕ್ಯೂಮ್ ಚೀಲದಲ್ಲಿ ಹುಡುಕೋಕೆ ಹೋದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಕೊನೆಗೆ ಮಿಷನ್ ಪುಸ್ತಕದಲ್ಲಿ ಹೇಳಿರೋ ಕಡೆ ಒಂದೊಂದು ಹನಿ ಎಣ್ಣೆ, ರದ್ದಿ ಬಟ್ಟೆ ಮೇಲೆ ಎರಡು ಸಾಲು ಓಡಿಸಿ ಎಣ್ಣೆ ಒರೆಸಿ. ತಿಂಗಳಿಗೊಂದು ಸಲ ದೊಡ್ಡ ಕ್ಲೀನಿಂಗ್ ಮಾಡೋದಕ್ಕಿಂತ ಪ್ರತಿ ದೊಡ್ಡ ಕೆಲಸ ಮುಗಿದಾಗ ಐದು ನಿಮಿಷ ಮಾಡಿದ್ರೆ ಒಂದೇ ದಿನ ಅಷ್ಟೂ ಧೂಳು ಕುಡಿಯೋದು ತಪ್ಪುತ್ತೆ. ಮನೇಲಿ ಅಲರ್ಜಿ ಇಲ್ಲದೋರು ಯಾರಾದ್ರೂ ಇದ್ರೆ ಈ ಒಂದು ಕೆಲಸ ಅವರ ಕೈಗೆ ಕೊಟ್ಬಿಡಿ, ಅದಕ್ಕಿಂತ ಒಳ್ಳೇ ಮಾಸ್ಕ್ ಇಲ್ಲ.

ರೂಮು ಕ್ಲೀನ್ ಮಾಡೋಕೆ ಪೊರಕೆ ಬೇಡ, ಗರಿ ಡಸ್ಟರ್ ಬೇಡ. ಟೇಬಲ್ಲು, ಮಿಷನ್ ಮೈ, ಕಿಟಕಿ ಕಟ್ಟೆ ಒದ್ದೆ ಮೈಕ್ರೋಫೈಬರ್ ಬಟ್ಟೇಲಿ ಮೇಲಿಂದ ಕೆಳಕ್ಕೆ, ನೆಲ ಒದ್ದೆ ಮಾಪಲ್ಲಿ. ಅದಕ್ಕೂ ಮೊದಲು ಅಯಸ್ಕಾಂತ ಆಡಿಸಿ ಗುಂಡುಪಿನ್ನು, ಸೂಜಿ ಎತ್ತಿಕೊಳ್ಳಿ. ವ್ಯಾಕ್ಯೂಮ್ ತಗೊಳ್ಳೋದಾದ್ರೆ ಚೀಲ ಇರೋದು, ಅತಿ ಸಣ್ಣ ಕಣನೂ ಹಿಡಿಯೋ ಹೆಪಾ ಫಿಲ್ಟರ್ ಇರೋದು, ಗಾಳಿ ಸೋರದ ಹಾಗೆ ಸೀಲ್ ಇರೋದು ನೋಡಿ. ಚೀಲ ಇಲ್ಲದ ಡಬ್ಬಿ ಮಾದರಿ ನೋಡೋಕೆ ಚೆನ್ನಾಗಿರುತ್ತೆ, ಹಿಡಿದದ್ದೆಲ್ಲ ಕಸದ ಬುಟ್ಟಿಗೆ ಸುರಿಯುವಾಗ ಮೋಡದ ಹಾಗೆ ವಾಪಸ್ ಎದ್ದು ಬರುತ್ತೆ. ಮೊದಲೇ ಡಬ್ಬಿದು ಇದ್ರೆ ಮನೆ ಹೊರಗೆ ಹೋಗಿ, ಪ್ಲಾಸ್ಟಿಕ್ ಚೀಲದ ಒಳಗೇ ಖಾಲಿ ಮಾಡಿ. ನೆಲಕ್ಕೆ ಕಾರ್ಪೆಟ್ ಇದ್ರೆ ತೆಗೆದುಬಿಡಿ, ಇದರಲ್ಲಿ ಚರ್ಚೆ ಇಲ್ಲ.

ಗಾಳಿ. ಹೊಲಿಯುವಾಗ ತಲೆ ಮೇಲಿನ ಫ್ಯಾನ್ ಜೋರಾಗಿ ಹಾಕಿದ್ರೆ ಕೂತಿದ್ದೆಲ್ಲ ಏಳುತ್ತೆ, ಆರಿಸಿದ್ರೆ ಸೆಕೆ. ಒಂದು ಟೇಬಲ್ ಫ್ಯಾನನ್ನ ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟು, ಬಾಗಿಲು ತೆಗೆದಿಟ್ಟು, ಬಾಗಿಲಿನಿಂದ ಬಂದ ಗಾಳಿ ಮೊದಲು ನಿಮ್ಮನ್ನ ದಾಟಿ ಆಮೇಲೆ ಮಿಷನ್ ದಾಟಿ ಕಿಟಕಿಗೆ ಹೋಗೋ ಹಾಗೆ ಕೂತ್ಕೊಳ್ಳಿ. ಅಂದ್ರೆ ಮಿಷನ್ ಕಿಟಕಿ ಕಡೆ, ನಿಮ್ಮ ಬೆನ್ನು ಬಾಗಿಲ ಕಡೆ. ಇಷ್ಟು ಜಾಗ ಬದಲಾವಣೆಗೆ ಖರ್ಚೇನೂ ಇಲ್ಲ, ನಾನು ನೋಡಿರೋ ಚಿಕ್ಕ ರೂಮುಗಳಲ್ಲಿ ಇದರಷ್ಟು ಕೆಲಸ ಮಾಡೋದು ಬೇರೆ ಕಮ್ಮಿ. ಹೊರಗೆ ಹೊಗೆ, ಪರಾಗ ಜಾಸ್ತಿ ಇರೋ ದಿನ ಮಾತ್ರ ಕಿಟಕಿ ಮುಚ್ಚಿ ಪ್ಯೂರಿಫೈಯರ್ ಮೇಲೆ ಬಿಡಬೇಕಾಗುತ್ತೆ.

ಸರಿ ಪ್ಯೂರಿಫೈಯರ್. ತಗೊಳ್ಳಿ, ಆದ್ರೆ ಮೇಲಿನದೆಲ್ಲ ಮಾಡಿದ ಮೇಲೆ. ಹೆಪಾ ಫಿಲ್ಟರ್ ಅಂದ್ರೆ ಹಿಡಿಯೋಕೆ ಅತಿ ಕಷ್ಟದ 0.3 ಮೈಕ್ರಾನ್ ಕಣದಲ್ಲೂ 99.97% ಹಿಡಿಯುತ್ತೆ, ಫಿಲ್ಟರ್ ಗುಣದ ಬಗ್ಗೆ ಅನುಮಾನ ಬೇಡ, ನೋಡ್ಬೇಕಾದ್ದು ಅದು ಗಂಟೆಗೆ ಎಷ್ಟು ಗಾಳಿ ತಿರುಗಿಸುತ್ತೆ ಅಂತ, ಡಬ್ಬಿ ಮೇಲೆ ಸಿಎಡಿಆರ್ ಅಂತ ಬರೆದಿರುತ್ತೆ. ನಿಮ್ಮ ರೂಮು ಹತ್ತಡಿ ಎತ್ತರ ಇದೆ ಅಂತಿಟ್ಕೊಂಡ್ರೆ ಒಟ್ಟು ಸುಮಾರು 28 ಘನ ಮೀಟರ್, ಗಂಟೆಗೆ ಆರು ಸಲ ಗಾಳಿ ಶುದ್ಧ ಆಗ್ಬೇಕು ಅಂದ್ರೆ ಸಿಎಡಿಆರ್ ಗಂಟೆಗೆ 170 ಘನ ಮೀಟರ್ ಬೇಕು. ಅದೂ ಫುಲ್ ಸ್ಪೀಡಿನ ಲೆಕ್ಕ, ರಾತ್ರಿ ಸದ್ದು ಅಂತ ಸಣ್ಣಗೆ ಮಾಡಿದ್ರೆ ಅಷ್ಟು ಸಿಗಲ್ಲ, ಹಾಗಾಗಿ ಒಂದು ಸೈಜ್ ದೊಡ್ಡದೇ ತಗೊಳ್ಳಿ. ಗಂಟೆಗೆ ಆರು ಸಲದ ಲೆಕ್ಕದಲ್ಲಿ ಗಾಳಿಯಲ್ಲಿ ತೇಲ್ತಿರೋ ಧೂಳಲ್ಲಿ 99% ಹೋಗೋಕೆ ಸುಮಾರು 46 ನಿಮಿಷ ಬೇಕು. ಕತ್ತರಿಸೋದೋ ಕ್ಲೀನ್ ಮಾಡೋದೋ ಆದ ಮೇಲೆ ಅದನ್ನ ಫುಲ್ ಇಟ್ಟು ನೀವು ಮುಕ್ಕಾಲು ಗಂಟೆ ಆಚೆ ಇರಿ ಅನ್ನೋದು ಇದೇ ಲೆಕ್ಕಕ್ಕೆ. ಹೊಲಿಗೆ ರೂಮಲ್ಲಿ ಮುಂದಿನ ಪ್ರೀ ಫಿಲ್ಟರ್ ಜಾಲರಿಗೆ ಒಂದೇ ವಾರದಲ್ಲಿ ಲಿಂಟಿನ ಪರದೆ ಕಟ್ಟುತ್ತೆ, ವಾರವಾರ ಕ್ಲೀನ್ ಮಾಡದಿದ್ರೆ ಸದ್ದಷ್ಟೇ, ಗಾಳಿ ಎಳೆಯಲ್ಲ. ಅಯಾನ್, ಓಜೋನ್ ಬಿಡೋ ಮಾದರಿ ಬೇಡ, ಓಜೋನೇ ಅಸ್ತಮಾ ಕೆರಳಿಸುತ್ತೆ. ಇನ್ನೊಂದು ದಾರಿನೂ ಇದೆ, 2020ರಲ್ಲಿ ರಿಚರ್ಡ್ ಕೋರ್ಸಿ, ಜಿಮ್ ರೋಸೆಂತಾಲ್ ಅನ್ನೋರು ಜನಪ್ರಿಯ ಮಾಡಿದ ಡಬ್ಬ, ಮರ್ವ್ 13 ಅನ್ನೋ ದರ್ಜೆಯ ನಾಲ್ಕು ಏರ್ ಫಿಲ್ಟರ್‌ಗಳನ್ನ ಚೌಕಾಕಾರ ನಿಲ್ಲಿಸಿ ಮೇಲೆ ಬಾಕ್ಸ್ ಫ್ಯಾನ್ ಕೂರಿಸಿ ಸುತ್ತ ಟೇಪ್ ಹಾಕೋದು. ಚೆನ್ನಾಗಿ ಕೆಲಸ ಮಾಡುತ್ತೆ, ಆದ್ರೆ ದೊಡ್ಡದು, ನಿಮ್ಮ ರೂಮಲ್ಲಿ ಮಂಚ ಹೋಗಿ ಅದು ಇರ್ಬೇಕಾಗುತ್ತೆ.

ಮಂಚ ಅಂದೆ ನೋಡಿ, ಅದು ನಿಜವಾಗ್ಲೂ ದೊಡ್ಡ ಸಮಸ್ಯೆ. ಏಳೆಂಟು ಗಂಟೆ ಅದೇ ಗಾಳಿ ಉಸಿರಾಡ್ತೀರ. ಮಂಚ ಇಲ್ಲಾ ಮಿಷನ್ನು, ಎರಡರಲ್ಲಿ ಒಂದು ಬೇರೆ ಕಡೆ ಹೋಗೋಕೆ ಸಾಧ್ಯ ಇದ್ರೆ ಪ್ಯೂರಿಫೈಯರ್‌ಗಿಂತ ಅದು ದೊಡ್ಡ ಔಷಧಿ. ಆಗಲ್ಲ ಅಂದ್ರೆ ಹೊಲಿಗೆ ಶುರು ಮಾಡೋ ಮುಂಚೆ ಹಾಸಿಗೆ ಪೂರ್ತಿ ಮುಚ್ಚೋ ಹಾಗೆ ಒಂದು ನಯವಾದ ಬೆಡ್‌ಶೀಟ್ ಹೊದಿಸಿ, ಮಲಗೋ ಮುಂಚೆ ಅದನ್ನ ಕೊಡವದೆ ಒಳಮುಖವಾಗಿ ಸುತ್ತಿ ಒಗೆಯೋಕೆ ಹಾಕಿ. ದಿಂಬು, ಹಾಸಿಗೆಗೆ ನುಸಿ ತಡೆಯೋ ಕವರ್, ಹೊದಿಕೆ ದಿಂಬಿನ ಕವರ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ. ಕೂಡಿಟ್ಟ ಬಟ್ಟೆ ತುಂಡುಗಳು ತೆರೆದ ಕಪಾಟಲ್ಲಿ ಬೇಡ, ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬದಲ್ಲಿ, ಚೆನ್ನಾಗಿ ಒಣಗಿದ ಮೇಲೆ. ಡಬ್ಬದಲ್ಲಿ ನ್ಯಾಫ್ತಲೀನ್ ಗುಳಿಗೆ ಹಾಕ್ಬೇಡಿ, ಆ ವಾಸನೆನೂ ಉಸಿರಿನ ದಾರಿ ಕೆರಳಿಸುತ್ತೆ. ಚಿಕ್ಕ ಹ್ಯುಮಿಡಿಟಿ ಮೀಟರ್ ಒಂದಿಡಿ, 40 ರಿಂದ 50% ಒಳ್ಳೇದು, ಅದಕ್ಕಿಂತ ಮೇಲೆ ಹೋದ್ರೆ ನುಸಿ, ಬೂಷ್ಟಿಗೆ ಹಬ್ಬ, ತೀರ ಕೆಳಗೆ ಹೋದ್ರೆ ಸ್ಟ್ಯಾಟಿಕ್ ಆಗಿ ಲಿಂಟ್ ಎಲ್ಲಕ್ಕೂ ಅಂಟುತ್ತೆ.

ಮಾಸ್ಕ್ ದಿನವಿಡೀ ಬೇಡ, ಹಾಕ್ಕೊಂಡಿರೋಕೂ ಆಗಲ್ಲ. ಮಿಷನ್ ಕ್ಲೀನ್ ಮಾಡುವಾಗ, ಉದುರೋ ಬಟ್ಟೆ ಕತ್ತರಿಸುವಾಗ, ಫಿಲ್ಟರ್ ಅಥವಾ ವ್ಯಾಕ್ಯೂಮ್ ಖಾಲಿ ಮಾಡುವಾಗ, ಆಮೇಲೆ ಒಂದರ್ಧ ಗಂಟೆ, ಅಷ್ಟೇ. ಆದ್ರೆ ಅದು ಎನ್‌95 ಆಗಿರ್ಲಿ, ಮೂಗಿನ ಮೇಲಿನ ತಂತಿ ಒತ್ತಿ, ಉಸಿರು ಬಿಟ್ಟಾಗ ಕಣ್ಣಿನ ಕಡೆ ಗಾಳಿ ಬರದ ಹಾಗೆ. ಬಟ್ಟೆ ಮಾಸ್ಕ್ ದೊಡ್ಡ ಎಳೆ ತಡೆಯುತ್ತೆ, ಎದೆಗೆ ಹೋಗೋ ಪುಡಿಗೆ ಪ್ರಯೋಜನ ಕಮ್ಮಿ. ಮಾಸ್ಕ್ ಹಾಕ್ಕೊಂಡಾಗ ಉಸಿರಾಟ ಕಷ್ಟ ಅನ್ನಿಸಿದ್ರೆ ತಡ್ಕೊಂಡು ಕೂರ್ಬೇಡಿ, ತೆಗೆದು ಆಚೆ ಹೋಗಿ. ಸ್ಪ್ರೇ ಗಂಜಿ, ಸ್ಪ್ರೇ ಅಂಟು ಇವೆಲ್ಲ ರೂಮಿನ ಹೊರಗೇ, ಮಾಸ್ಕ್ ಇದೆ ಅಂತ ಒಳಗೆ ಹೊಡೀಬೇಡಿ. ಮನೇಲೇ ಬಟ್ಟೆಗೆ ಬಣ್ಣ ಹಾಕೋ ಅಭ್ಯಾಸ ಇದ್ರೆ ರಿಯಾಕ್ಟಿವ್ ಬಣ್ಣದ ಒಣ ಪುಡಿ ನಿಮ್ಮಂಥೋರು ಮುಟ್ಟಲೇಬಾರದು, ಅದರಿಂದಲೇ ಹೊಸದಾಗಿ ಅಸ್ತಮಾ ಬರೋದಿದೆ. ಕೆಲಸ ಮುಗಿದ ಮೇಲೆ ಮೇಲಂಗಿ ಅಲ್ಲೇ ಬಿಚ್ಚಿ, ಮುಖ ತೊಳೆದು, ಉಪ್ಪುನೀರಲ್ಲಿ ಮೂಗು ತೊಳ್ಕೊಳ್ಳಿ, ನೀರು ಮಾತ್ರ ಕುದಿಸಿ ಆರಿಸಿದ್ದೇ ಇರ್ಬೇಕು. ತಲೆಗೆ ಬಟ್ಟೆ ಕಟ್ಕೊಂಡು ಹೊಲಿದ್ರೆ ಕೂದಲಲ್ಲಿ ಕೂತ ಲಿಂಟ್ ದಿಂಬಿಗೆ ಬರಲ್ಲ.

ಇಷ್ಟೆಲ್ಲ ಮಾಡ್ತಾ ಡಾಕ್ಟರನ್ನ ಬಿಡ್ಬೇಡಿ. ತಕ್ಷಣ ಆರಾಮ ಕೊಡೋ ಇನ್‌ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಕಾಗ್ತಿದ್ರೆ, ರಾತ್ರಿ ಎಚ್ಚರ ಆಗ್ತಿದ್ರೆ, ಅಸ್ತಮಾ ಹಿಡಿತದಲ್ಲಿಲ್ಲ ಅಂತ ಅರ್ಥ, ಧೂಳು ಕಮ್ಮಿ ಮಾಡೋದೊಂದೇ ಸಾಲಲ್ಲ, ದಿನಾ ತಗೊಳ್ಳೋ ತಡೆ ಇನ್‌ಹೇಲರ್ ಬಗ್ಗೆ ಕೇಳಿ. ಪೀಕ್ ಫ್ಲೋ ಮೀಟರ್ ಅಂತ ಕೈಯಲ್ಲಿ ಹಿಡಿದು ಊದೋ ಸಣ್ಣ ಸಾಧನ ಇದೆ, ದಿನಕ್ಕೆ ನಾಲ್ಕು ಸಲ, ಎರಡು ಮೂರು ವಾರ ಊದಿ ಬರ್ಕೊಳ್ಳಿ, ಪಕ್ಕದಲ್ಲಿ ಆ ದಿನ ಏನು ಮಾಡಿದ್ರಿ ಅಂತ, ಫ್ಲೀಸ್, ಕ್ಲೀನಿಂಗ್, ಇಸ್ತ್ರಿ, ರಜೆ. ಮಧ್ಯೆ ಕೆಲವು ದಿನ ಹೊಲಿಗೆ ಪೂರ್ತಿ ನಿಲ್ಸಿ, ಆ ದಿನಗಳೂ ಲೆಕ್ಕಕ್ಕೆ ಬೇಕು. ಯಾವ ಕೆಲಸಕ್ಕೆ ಅಂಕಿ ಬೀಳುತ್ತೆ ಅಂತ ಆ ಪಟ್ಟಿಯೇ ಹೇಳುತ್ತೆ, ಡಾಕ್ಟರಿಗೆ ನೂರು ಮಾತಿಗಿಂತ ಅದು ಉಪಯೋಗ. ನುಸಿ, ಬೂಷ್ಟಿನ ಅಲರ್ಜಿಗೆ ಚರ್ಮದ ಮೇಲೆ ಚುಚ್ಚಿ ನೋಡೋ ಟೆಸ್ಟ್ ಮಾಡಿಸಿಲ್ಲ ಅಂದ್ರೆ ಮಾಡಿಸಿ, ಯಾವುದರ ಹಿಂದೆ ಓಡ್ಬೇಕು ಅಂತ ಗೊತ್ತಾಗುತ್ತೆ. ಮಾತಾಡೋಕೂ ಆಗದಷ್ಟು ಉಸಿರು ಕಟ್ಟಿದ್ರೆ, ಇನ್‌ಹೇಲರಿಗೂ ಬಗ್ಗದಿದ್ರೆ ಕಾಯದೆ ಆಸ್ಪತ್ರೆಗೆ.

ಇನ್ನು ಆ ರಜಾಯಿ. ಹೊರಗಿನ ಬಟ್ಟೆ ಹರಿದಿದ್ದು, ಮೇಲೊಂದು ತೇಪೆ ಹಾಕಿದ್ರೆ ಆಗೋ ಕೆಲಸ ಆದ್ರೆ, ಅವರೇ ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ ಕೊಡ್ಲಿ, ತಗೊಳ್ಳಿ. ಹೊಲಿಗೆ ಬಿಚ್ಚಿ ಒಳಗಿನ ಹಳೇ ಹತ್ತಿ ಸರಿ ಮಾಡ್ಬೇಕು, ಇಲ್ಲಾ ಬೂರುಗದ ಹತ್ತಿ, ಗರಿ ತುಂಬಿದೆ ಅಂದ್ರೆ ಬೇಡ. ವರ್ಷಗಟ್ಟಲೆ ಬೆವರು, ನುಸಿ, ಬೂಷ್ಟು ಕೂತಿರೋ ಒಳಗಿನ ಹತ್ತಿಯನ್ನ ಮಡಿಲಲ್ಲಿಟ್ಟು ಬಿಚ್ಚೋದು ನಿಮ್ಮ ಎದೆಗೆ ಆಗೋ ಕೆಲಸ ಅಲ್ಲ, ಎನ್‌95 ಹಾಕ್ಕೊಂಡ್ರೂ ಅಲ್ಲ. ಮೂಗಿಗೆ ಹಿಡಿದಾಗ ಮುಗ್ಗಲು ವಾಸನೆ ಬಂತು ಅಂತ ಅವರೇ ಹೇಳಿದ್ರೆ ಮೇಲಿನ ತೇಪೆ ಕೆಲಸಕ್ಕೂ ಒಪ್ಕೋಬೇಡಿ, ರಜಾಯಿ ಹೊಲಿಯೋರ ಹತ್ರ ಕಳಿಸಿಬಿಡಿ.